ಕೀಬೋರ್ಡಿನ ಒಳಗೇ ಪವರ್ ಸಪ್ಲೈ ಕೂರಿಸ್ಲಿಕ್ಕೆ ಆಗ್ತದಾ?

ಕಾಪು ಭಜನೆ:

ಮಂಡಳಿಯ ಕೀಬೋರ್ಡ್ ಹಳೇ ಯಮಹಾ ಪಿಎಸ್‌ಆರ್, 61 ಕೀಗಳದ್ದು. ತಳದ ಲೇಬಲ್‌ನಲ್ಲಿ ಡಿಸಿ 12 ವೋಲ್ಟ್ ಅಂತ ಉಂಟು, ನಡುವಿನ ಪಿನ್ ಪ್ಲಸ್. ಅಡಿಯಲ್ಲಿ ಆರು ಡಿ ಸೈಜಿನ ಸೆಲ್ ಹಾಕುವ ಗೂಡು ಇದ್ದರೂ ಅದಕ್ಕೆ ಸೆಲ್ ಹಾಕುವವರು ಯಾರೂ ಇಲ್ಲ. ತೊಂದರೆ ಪೂರಾ ಅಡಾಪ್ಟರಿನದ್ದು. ಎಕ್ಸ್‌ಟೆನ್ಶನ್ ಬೋರ್ಡಿನ ಸಡಿಲ ಸಾಕೆಟ್ಟಿನಿಂದ ತನ್ನ ಭಾರಕ್ಕೇ ಜಾರ್ತದೆ, ವಯರ್ ಪಿನ್ನಿನ ಬುಡದಲ್ಲೇ ತುಂಡಾಗ್ತದೆ, ಒಮ್ಮೊಮ್ಮೆ ಅಡಾಪ್ಟರನ್ನೇ ಮನೆಯಲ್ಲಿ ಬಿಟ್ಟು ಬರುವುದೂ ಉಂಟು.

230 ವೋಲ್ಟ್ ನೇರ ಕೀಬೋರ್ಡಿಗೇ ಬಂದು ಒಳಗೆ 12 ಆಗುವ ಹಾಗೆ ಮಾಡ್ಲಿಕ್ಕೆ ಆಗ್ತದಾ? ಟ್ರಾನ್ಸ್‌ಫಾರ್ಮರ್ ಒಳ್ಳೆಯದಾ, ಮೊಬೈಲ್ ಚಾರ್ಜರಿನಲ್ಲಿ ಇರುವಂಥ ಎಸ್‌ಎಂಪಿಎಸ್ಸಾ? ಸ್ಪೀಕರಿನಲ್ಲಿ ಹಮ್ ಬರ್ತದಾ? ಬೇಕಾದಾಗ ಹೊರಗಿನ ಅಡಾಪ್ಟರ್ ಕೂಡ ಚುಚ್ಚುವ ಹಾಗೆ ಇದ್ದರೆ ಒಳ್ಳೆಯದು. ಸೋಲ್ಡರಿಂಗ್ ಗೊತ್ತು, ಮಲ್ಟಿಮೀಟರ್ ಉಂಟು.


ಬೆಸುಗೆ ಭಟ್ರು:

ಆಗ್ತದೆ. ಆದರೆ ಆ ಪೆಟ್ಟಿಗೆಯನ್ನು ಕಂಪನಿಯವರು ಮಾಡಿದ್ದು ಒಳಗೆ 12 ವೋಲ್ಟ್ ಮಾತ್ರ ಇರ್ತದೆ ಅಂತ ಲೆಕ್ಕ ಹಾಕಿ. 230 ಒಳಗೆ ಬಂದ ಮೇಲೆ ಕೆಲಸದ ಮುಕ್ಕಾಲು ಪಾಲು ವಯರಿಂಗ್ ಅಲ್ಲ, ಆ 230 ಎಲ್ಲಿಯೂ ಕೈಗೆ ಸಿಗದ ಹಾಗೆ, ತುಂಡಾದರೂ 12 ವೋಲ್ಟಿನ ಬದಿಗೆ ತಾಗದ ಹಾಗೆ ಕಟ್ಟುವುದು.

ಮೊದಲು ಅಳೆಯಿರಿ. ಮೀಟರನ್ನು 10 ಆಂಪಿಯರ್ ರೇಂಜಿಗೆ ಹಾಕಿ ಅಡಾಪ್ಟರಿನ ಪ್ಲಸ್ ಲೈನಿನಲ್ಲಿ ಸೀರೀಸ್ ಕೊಡಿ. ವಾಲ್ಯೂಮ್ ಪೂರ್ತಿ ಏರಿಸಿ, ಬಾಸ್ ಡ್ರಮ್ ಜೋರಾಗಿರುವ ರಿದಮ್ ಒಂದನ್ನು ಓಡಿಸಿ. ಮೀಟರ್ ತೋರಿಸುವುದು ಸರಾಸರಿ. ಡ್ರಮ್ ಬಡಿದ ಕ್ಷಣದಲ್ಲಿ ಎಳೆಯುವುದು ಅದಕ್ಕಿಂತ ಹೆಚ್ಚು. ಬಂದ ಸಂಖ್ಯೆಯ ಒಂದೂವರೆ ಪಟ್ಟು ಕೊಡುವ ಸಪ್ಲೈ ತಗೊಳ್ಳಿ. ಯಮಹಾದ ಸಣ್ಣ ಮಾಡೆಲ್‌ಗಳಿಗೆ ಬರುತ್ತಿದ್ದ ಪಿಎ-3ಸಿ ಅಡಾಪ್ಟರ್ 12 ವೋಲ್ಟ್, 700 ಮಿಲಿಆಂಪಿಯರಿನದ್ದು. ನಂತರದ ಪಿಎ-150 ಒಂದೂವರೆ ಆಂಪಿಯರಿನದ್ದು. ನಿಮ್ಮದು ಈ ಎರಡರ ನಡುವೆ ಎಲ್ಲೋ ಬೀಳ್ತದೆ.

ಟ್ರಾನ್ಸ್‌ಫಾರ್ಮರ್ ಬೇಡ. ಯಾಕೆ ಅಂತ ಲೆಕ್ಕ ಹೇಳ್ತೇನೆ. 12 ವೋಲ್ಟ್ ಸೆಕೆಂಡರಿ (ಔಟ್‌ಪುಟ್ ಸುತ್ತು) ಹಾಕಿ, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್, 4700 ಮೈಕ್ರೋಫ್ಯಾರಡ್ ಕೆಪಾಸಿಟರ್, ವೋಲ್ಟ್ ಸ್ಥಿರ ಇಡುವ ಎಲ್‌ಎಂ317 ರೆಗ್ಯುಲೇಟರ್ ಕಟ್ಟುವವರು ತುಂಬ ಮಂದಿ. 12ರ ಶಿಖರ 17, ಬ್ರಿಡ್ಜಿನಲ್ಲಿ 1.4 ಹೋದರೆ 15.5. ಒಂದು ಆಂಪಿಯರ್ ಎಳೆದರೆ ಆ ಕೆಪಾಸಿಟರಿನಲ್ಲಿ ರಿಪಲ್ (ವೋಲ್ಟಿನ ಏರಿಳಿತ) ಸುಮಾರು 2 ವೋಲ್ಟ್, ಅಂದರೆ ತಗ್ಗು 13.4. ಎಲ್‌ಎಂ317ಕ್ಕೆ ಮೇಲೆ ಎರಡರಿಂದ ಎರಡೂವರೆ ವೋಲ್ಟ್ ಜಾಗ ಬೇಕು. 12 ಕೊಡ್ಲಿಕ್ಕೆ ಅದಕ್ಕೆ ಆಗುವುದಿಲ್ಲ. ಜೋರಾಗಿ ನುಡಿಸಿದಾಗ ಗುರ್ ಅಂತ 100 ಹರ್ಟ್ಸ್ ಹಮ್ ಬರುವುದು ಹೀಗೆ. ಸರಿ, 15 ವೋಲ್ಟ್ ಸೆಕೆಂಡರಿ ಹಾಕುವಾ ಅಂದರೆ, ಲೈನ್ 200ಕ್ಕೆ ಇಳಿದಾಗ ಹೇಗೋ ನಿಭಾಯಿಸ್ತದೆ, 250ಕ್ಕೆ ಏರಿದಾಗ ರೆಗ್ಯುಲೇಟರ್ ಒಂದೇ ಎಂಟು ವಾಟಿನಷ್ಟು ಬಿಸಿ ಉಗುಳ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಅದನ್ನು ಎಲ್ಲಿ ಇಡ್ತೀರಿ? ಮೇಲಿಂದ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಪಕ್ಕದ ಆಡಿಯೋ ಲೈನಿಗೆ ಹತ್ತಿ 50 ಹರ್ಟ್ಸ್ ಬೇರೆ. ಅದನ್ನು ಕೆಪಾಸಿಟರ್ ಹಾಕಿ ತೆಗೀಲಿಕ್ಕೆ ಆಗುವುದಿಲ್ಲ, ದೂರ ಇಡುವುದೇ ದಾರಿ.

ಎಸ್‌ಎಂಪಿಎಸ್ಸಿನಲ್ಲೂ ಬರೇ ಬೋರ್ಡಾಗಿ ಬರುವುದು, ಮೊಬೈಲ್ ಚಾರ್ಜರ್ ಒಡೆದು ತೆಗೆದದ್ದು ಯಾವುದೂ ಬೇಡ. ಎಪಾಕ್ಸಿ ಹೊಯ್ದು ಮುಚ್ಚಿದ ಮಾಡ್ಯೂಲ್ ತಗೊಳ್ಳಿ. ಮೀನ್‌ವೆಲ್ ಐಆರ್‌ಎಂ-20-12 ನಿಮ್ಮ ಕೆಲಸಕ್ಕೆ ಸರಿ: 12 ವೋಲ್ಟ್, 1.8 ಆಂಪಿಯರ್, ಒಳಗೆ 85ರಿಂದ 264 ವೋಲ್ಟ್ ತನಕ ಏನು ಬಂದರೂ ಔಟ್‌ಪುಟ್ ಅಲ್ಲಾಡುವುದಿಲ್ಲ. ಗಾತ್ರ ಸುಮಾರು 52×27×24 ಮಿ.ಮೀ. ಡಿ ಸೆಲ್ಲಿನ ವ್ಯಾಸ 34 ಮಿ.ಮೀ, ಉದ್ದ 61. ಅಂದರೆ ಮಾಡ್ಯೂಲ್ ಒಂದು ಸೆಲ್ಲಿನ ಜಾಗದಲ್ಲಿ ಕೂರ್ತದೆ, ಉಳಿದ ಗೂಡು ಫ್ಯೂಸಿಗೆ, ಫಿಲ್ಟರಿಗೆ. ಸ್ಕ್ರೂ ಟರ್ಮಿನಲ್ ಇರುವ ಮಾದರಿಯೂ ಬರ್ತದೆ, ಸ್ವಲ್ಪ ದೊಡ್ಡದು. ಗೂಡಿನಲ್ಲಿ ಹಿಡಿಸಿದರೆ ಅದೇ ಸುಲಭ. ಪಿನ್ನಿನದ್ದನ್ನು ಜನರಲ್ ಪರ್ಪಸ್ ಬೋರ್ಡಿಗೆ ಹಾಕುವುದಾದರೆ 230 ಇರುವ ಪಿನ್‌ಗಳ ಸುತ್ತಲಿನ ತಾಮ್ರದ ಬಿಲ್ಲೆಗಳನ್ನು ಬ್ಲೇಡಿನಲ್ಲಿ ಕೆರೆದು ತೆಗೀರಿ. ಮೈನ್ಸ್ ಬದಿಗೂ 12ರ ಬದಿಗೂ ನಡುವೆ ಬೋರ್ಡಿನ ಮೇಲೆ ಕನಿಷ್ಠ 6 ಮಿ.ಮೀ ಖಾಲಿ ಇರಬೇಕು, ನಮ್ಮ ಊರಿನ ಥಂಡಿಗೆ 8 ಇಟ್ಟರೆ ಒಳ್ಳೆಯದು.

ಈಗ ಮುಖ್ಯ ವಿಷಯ, ಗೂಡಿನ ಮುಚ್ಚಳ. ಬೆರಳಲ್ಲಿ ಒತ್ತಿ ಜಾರಿಸಿದರೆ ತೆರೆಯುವ ಮುಚ್ಚಳದ ಹಿಂದೆ 230 ಇರಬಾರದು. ಮಕ್ಕಳು ಅದನ್ನು ತೆರೆದೇ ತೆರೀತಾರೆ. 3 ಮಿ.ಮೀ ಹೈಲಂ ಶೀಟು (ಕರೆಂಟು ಹರಿಯದ ಗಟ್ಟಿ ಹಲಗೆ) ಕತ್ತರಿಸಿ ಗೂಡಿನ ಬಾಯಿಗೆ ನಾಲ್ಕು ಸ್ಕ್ರೂ ಹಾಕಿ ಬಿಗಿಯಿರಿ, ಅದರ ಮೇಲೆ ಹಳೇ ಮುಚ್ಚಳ ಕೂತರೆ ಕೂರಲಿ. ಸೆಲ್ಲಿನ ಸ್ಪ್ರಿಂಗು, ತಗಡು ಎಲ್ಲ ಕಿತ್ತು ತೆಗೀರಿ. ಸ್ಪ್ರಿಂಗ್ ಒಂದು ಉಳಿದು ಸಡಿಲ ಆದರೆ ಅದು ಹೋಗಿ ಕೂರುವುದು ತಪ್ಪಾದ ಜಾಗದಲ್ಲೇ.

ಇನ್‌ಲೆಟ್‌ಗೆ ಸಿ8 ಸಾಕು. ಎಂಟರ ಆಕಾರದ ಎರಡು ಪಿನ್ನಿನದ್ದು, ಟೇಪ್‌ರೆಕಾರ್ಡರಿಗೆ ಬರುತ್ತಿತ್ತಲ್ಲ, ಅದೇ. ಅದರ ರೇಟಿಂಗ್ ಎರಡೂವರೆ ಆಂಪಿಯರ್, ನಮಗೆ ಅದರ ಹತ್ತನೇ ಒಂದು ಪಾಲೂ ಬೇಡ. ಕಾರ್ಡನ್ನು ತಿರುಗಿಸಿ ಚುಚ್ಚಿದರೆ ಫೇಸ್, ನ್ಯೂಟ್ರಲ್ ಅದಲು ಬದಲು ಆಗ್ತದೆ, ಹಾಗಾಗಿ ಸ್ವಿಚ್ ಎರಡೂ ಲೈನ್ ಕಡಿಯುವ ಡಬಲ್ ಪೋಲ್ ರಾಕರೇ ಇರಲಿ. ಸ್ವಿಚ್ ಬೇಕೇ ಬೇಕು. ಕೀಬೋರ್ಡಿನ ಮುಂದಿನ ಬಟನ್ ಕಡಿಯುವುದು 12 ವೋಲ್ಟನ್ನು ಮಾತ್ರ. ಪೆಟ್ಟಿಗೆಯ ಎಬಿಎಸ್ ತೆಳು, ಕಾರ್ಡ್ ದಿನಾ ಚುಚ್ಚಿ ಎಳೆದರೆ ತೂತಿನ ಅಂಚು ಬಿರುಕು ಬಿಡ್ತದೆ. ಒಳಗಿನಿಂದ ಹೈಲಂ ತುಂಡಿನ ಆಧಾರ ಕೊಟ್ಟು ಎರಡನ್ನೂ ಸೇರಿಸಿ ಸ್ಕ್ರೂ ಹಾಕಿ. ಅಲ್ಯೂಮಿನಿಯಂ ತಗಡು ಗಟ್ಟಿ ಇರಬಹುದು, ಆದರೆ ಲೋಹ ಬಂದರೆ ಅದಕ್ಕೆ ಅರ್ತಿಂಗ್ ಆಗಬೇಕು, ಇನ್ನೊಂದು ರಗಳೆ.

ಸಾಲು ಹೀಗೆ: ಇನ್‌ಲೆಟ್, ಡಬಲ್ ಪೋಲ್ ಸ್ವಿಚ್, ಒಂದು ಲೈನಿನಲ್ಲಿ 1 ಆಂಪಿಯರ್ ಸ್ಲೋ ಬ್ಲೋ ಫ್ಯೂಸ್, ಫ್ಯೂಸಿನ ನಂತರ ಎರಡು ಲೈನಿನ ನಡುವೆ 14ಡಿ471ಕೆ ವ್ಯಾರಿಸ್ಟರ್, ಆಮೇಲೆ ಮಾಡ್ಯೂಲ್. ಫಾಸ್ಟ್ ಫ್ಯೂಸ್ ಹಾಕಬೇಡಿ; ಸ್ವಿಚ್ ಹಾಕಿದ ಕ್ಷಣ ಮಾಡ್ಯೂಲಿನ ಕೆಪಾಸಿಟರ್ ತುಂಬುವಾಗ ಹತ್ತಾರು ಆಂಪಿಯರ್ ಒಮ್ಮೆ ನುಗ್ಗಿ ಹೋಗ್ತದೆ, ಫ್ಯೂಸ್ ಕಾರಣ ಇಲ್ಲದೆ ಹಾರ್ತಾ ಇರ್ತದೆ. ವ್ಯಾರಿಸ್ಟರ್ ಇರುವುದು ಗಾಳಿಮಳೆಗೆ ನ್ಯೂಟ್ರಲ್ ಕಡಿದು ಎರಡು ಫೇಸಿನ ನಡುವಿನ 400 ವೋಲ್ಟ್ ಬರುವ ಹೊತ್ತಿಗೆ. ಅದು ಶಾರ್ಟ್ ಆಗಿ ಫ್ಯೂಸ್ ಹಾರಿಸ್ತದೆ, ಮಾಡ್ಯೂಲ್ ಉಳೀತದೆ. ಫ್ಯೂಸಿನ ಮೊದಲು ಹಾಕಿದರೆ ವ್ಯಾರಿಸ್ಟರೇ ಹೊತ್ತಿಕೊಳ್ತದೆ. ಹತ್ತಿರ ಸಿಡಿಲು ಬಡಿದರೆ ಇದು ಯಾವುದೂ ತಡೆಯುವುದಿಲ್ಲ, ಪ್ಲಗ್ ಕೀಳುವುದೊಂದೇ.

ಮೈನ್ಸ್ ವಯರ್ 0.75 ಚದರ ಮಿ.ಮೀ, ಅದರ ಮೇಲೆ ಇನ್ನೊಂದು ಸ್ಲೀವ್. ಟ್ಯಾಗಿಗೆ ಸೋಲ್ಡರ್ ಮಾಡುವಾಗ ತುದಿಯನ್ನು ತೂತಿನೊಳಗೆ ಹಾಕಿ ಕೊಕ್ಕೆಯ ಹಾಗೆ ಮಡಚಿ ಆಮೇಲೆ ಸೀಸ ಕೊಡಿ, ಸೋಲ್ಡರ್ ಸಡಿಲ ಆದರೂ ವಯರ್ ಕಳಚಬಾರದು. ಪ್ರತೀ ಜಾಯಿಂಟಿನಿಂದ 2 ಸೆಂ.ಮೀ ಒಳಗೆ ಎರಡೂ ವಯರನ್ನು ಸೇರಿಸಿ ಟೈ ಹಾಕಿ. ಒಂದು ತುಂಡಾದರೆ ಇನ್ನೊಂದು ಅದನ್ನು ಹಿಡಿದಿಡ್ತದೆ. ಸ್ಕ್ರೂ ಟರ್ಮಿನಲ್ ಇದ್ದರೆ ಎಳೆಗಳಿಗೆ ಸೀಸ ಸವರಬೇಡಿ. ಸೀಸ ಒತ್ತಡಕ್ಕೆ ಮೆಲ್ಲ ಹರಡಿ ಸ್ಕ್ರೂ ತಾನಾಗಿ ಸಡಿಲ ಆಗ್ತದೆ. ಎಳೆಗಳ ತುದಿಗೆ ಫೆರೂಲ್ ಅನ್ನುವ ಲೋಹದ ಸಣ್ಣ ಕೊಳವೆ ಒತ್ತಿ ಹಾಕಿ.

12 ವೋಲ್ಟಿನ ಬದಿ ನಿಮ್ಮ ಪುಣ್ಯಕ್ಕೆ ಸುಲಭ. ಮಾಡ್ಯೂಲಿನ ಔಟ್‌ಪುಟ್ಟನ್ನು ಜ್ಯಾಕಿಗೆ ಕೊಡಬೇಡಿ, ಸೆಲ್ಲಿನಿಂದ ಬರುತ್ತಿದ್ದ ಎರಡು ವಯರಿಗೆ ಕೊಡಿ. ಡಿಸಿ ಜ್ಯಾಕಿಗೆ ಮೂರು ಕಾಲು: ನಡುವಿನ ಪಿನ್, ಹೊರಗಿನ ತೋಳು, ಪ್ಲಗ್ ಚುಚ್ಚಿದಾಗ ಬಿಟ್ಟುಕೊಳ್ಳುವ ಸ್ವಿಚ್. ಪ್ಲಸ್ ನಡುವೆ ಇರುವ ಕೀಬೋರ್ಡಿನಲ್ಲಿ ಸೆಲ್ಲಿನ ಮೈನಸ್ ಆ ಸ್ವಿಚ್ ಮೂಲಕ ಬೋರ್ಡಿಗೆ ಹೋಗ್ತದೆ. ಹೊರಗಿನ ಅಡಾಪ್ಟರ್ ಚುಚ್ಚಿದ ಕೂಡಲೇ ಸೆಲ್ ಕಡಿದು ಹೋಗುವುದು ಹಾಗೆ. ಈಗ ಸೆಲ್ಲಿನ ಜಾಗದಲ್ಲಿ ಮಾಡ್ಯೂಲ್ ಇರ್ತದೆ, ಅಷ್ಟೇ. ನಿಮಗೆ ಬೇಕಾದ ಎರಡೂ ಸೌಕರ್ಯ ಒಂದು ಡಯೋಡ್ ಸಹ ಇಲ್ಲದೆ ಸಿಕ್ಕಿತು. ಜ್ಯಾಕಿನ ನಡುವಿನ ಪಿನ್ನಿನಿಂದ ಸೆಲ್ಲಿನ ಪ್ಲಸ್ ವಯರಿಗೆ ಮೀಟರಿನಲ್ಲಿ ಬೀಪ್ ಬರ್ತದಾ ನೋಡಿ ಹೇಳಿ. ಬಂದರೆ ಎರಡೂ ಒಂದೇ ಲೈನು.


ಪೆಂಡಾಲ್ ಸೌಂಡ್:

ಭಟ್ರು ಹೇಳಿದ್ದು ಎಲ್ಲ ಸರಿ, ಇನ್‌ಲೆಟ್ ಒಂದು ಬಿಟ್ಟು. ಸಿ8 ಕಾರ್ಡ್ ಸ್ಟೇಜಿನಲ್ಲಿ ನಿಲ್ಲುವುದಿಲ್ಲ ಮಾರಾಯ್ರೆ. ಯಾರದ್ದಾದರೂ ಕಾಲು ತಾಗಿದರೆ ಕಳಚಿ ಬೀಳ್ತದೆ, ಅಡಾಪ್ಟರ್ ಜಾರುವುದಕ್ಕೂ ಇದಕ್ಕೂ ವ್ಯತ್ಯಾಸ ಎಂತ? ಕಂಪ್ಯೂಟರಿಗೆ ಹಾಕುವ ಮೂರು ಪಿನ್ನಿನ ಸಿ14 ಹಾಕಿ. ಫ್ಯೂಸ್, ಸ್ವಿಚ್ ಎರಡೂ ಒಟ್ಟಿಗೇ ಇರುವ ಇನ್‌ಲೆಟ್ ಸಿಗ್ತದೆ, ತೂತು ಸುಮಾರು 27×47 ಮಿ.ಮೀ, ಕೈಯಲ್ಲಿರುವುದನ್ನು ಅಳೆದೇ ಗುರುತು ಹಾಕಿ. ಕಾರ್ಡ್ ಮರೆತರೂ ಯಾವ ಸೌಂಡಿನವನ ಪೆಟ್ಟಿಗೆಯಲ್ಲೂ ಇನ್ನೊಂದು ಇದ್ದೇ ಇರ್ತದೆ.

ಇನ್ನೊಂದು ವಿಷಯ ಯಾರೂ ಹೇಳ್ಲಿಲ್ಲ. ಎರಡು ಪಿನ್ನಿನ ಎಸ್‌ಎಂಪಿಎಸ್ ಯಾವುದಾದರೂ ಸಣ್ಣಗೆ ಚುರುಕು ಮುಟ್ಟಿಸ್ತದೆ. ಬರಿಗಾಲಲ್ಲಿ ಒದ್ದೆ ನೆಲದಲ್ಲಿ ನಿಂತು ಹೆಡ್‌ಫೋನ್ ಜ್ಯಾಕಿನ ಲೋಹ ಮುಟ್ಟಿದರೆ ಗೊತ್ತಾಗ್ತದೆ. ಮಿಕ್ಸರಿಗೆ ಕೊಟ್ಟಾಗ ಸರ್ ಅಂತ ಶಬ್ದ ಬರುವುದೂ ಅದರಿಂದಲೇ. ಸಿ14ರ ಅರ್ತ್ ಪಿನ್ನನ್ನು 12 ವೋಲ್ಟಿನ ಮೈನಸಿಗೆ ಕೊಟ್ಟರೆ ಎರಡೂ ನಿಲ್ತದೆ.


ಬೆಸುಗೆ ಭಟ್ರು:

ಚುರುಕಿನ ಕಾರಣ ಹೇಳಿಬಿಡ್ತೇನೆ, ಇಲ್ಲದಿದ್ದರೆ ಓದುವವರು ಹೆದರ್ತಾರೆ. ಎಸ್‌ಎಂಪಿಎಸ್ಸಿನೊಳಗೆ ಮೈನ್ಸ್ ಬದಿಗೂ ಔಟ್‌ಪುಟ್ ಬದಿಗೂ ನಡುವೆ ವೈ ಕೆಪಾಸಿಟರ್ ಅಂತ ಒಂದು ಇರ್ತದೆ, ಸಾಮಾನ್ಯವಾಗಿ ಒಂದರಿಂದ 2.2 ನ್ಯಾನೋಫ್ಯಾರಡ್. ಅದರ ಮೂಲಕ 230 ವೋಲ್ಟ್, 50 ಹರ್ಟ್ಸಿಗೆ ಹರಿಯುವುದು ಹೆಚ್ಚೆಂದರೆ 0.16 ಮಿಲಿಆಂಪಿಯರ್. ಗೊತ್ತಾಗ್ತದೆ, ಅಪಾಯ ಇಲ್ಲ. ಮೀಟರಿನಲ್ಲಿ ಮೈನಸಿನಿಂದ ಅರ್ತಿಗೆ ಅಳೆದರೆ 80ರಿಂದ 110 ವೋಲ್ಟ್ ಎಸಿ ತೋರಿಸೀತು, ಅದು ಮೀಟರಿನ ರೆಸಿಸ್ಟೆನ್ಸ್ ಜಾಸ್ತಿ ಇರುವ ಕಾರಣ ಕಾಣುವ ಸಂಖ್ಯೆ. ನಿಜ ತಿಳಿಯಬೇಕಾದರೆ ಅವೆರಡರ ನಡುವೆ 10 ಕಿಲೋ ಓಮ್ ಹಾಕಿ ಅದರ ಮೇಲೆ ಅಳೆಯಿರಿ. ಎರಡೂವರೆ ವೋಲ್ಟಿಗಿಂತ ಕೆಳಗಿದ್ದರೆ ಸೋರಿಕೆ ಕಾಲು ಮಿಲಿಆಂಪಿಯರಿಗಿಂತ ಕಡಿಮೆ, ಮಾಡ್ಯೂಲ್ ಸರಿ ಉಂಟು. ಕ್ಲಿಪ್ ಹಾಕಿದ ಮೇಲೆ ಸ್ವಿಚ್ ಹಾಕಿ, ಮತ್ತೆ ಮುಟ್ಟಬೇಡಿ. ಇನ್ಸುಲೇಶನ್ ನಿಜಕ್ಕೂ ಹೋಗಿದ್ದರೆ ಆ ರೆಸಿಸ್ಟರೇ ಹೊಗೆಯಾಡಿ ಹೇಳ್ತದೆ. ಆರ್‌ಸಿಸಿಬಿ (ಸೋರಿಕೆ ಆದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಇರುವ ಲೈನಿನಲ್ಲೇ ಈ ಪರೀಕ್ಷೆ.

ಅರ್ತನ್ನು ಮೈನಸಿಗೆ ಕೊಡುವುದರ ಬಗ್ಗೆ ನನ್ನ ತಕರಾರು ಉಂಟು. ಪೆಂಡಾಲಿನ ಅರ್ತನ್ನು ನಂಬ್ಲಿಕ್ಕೆ ಆಗುವುದಿಲ್ಲ. ಜನರೇಟರಿನಲ್ಲಿ ಸಲಾಕೆ ನೆಟ್ಟಿರುವುದೇ ಅಪರೂಪ. ಅರ್ತ್ ಲೈನ್ ಎಲ್ಲಿಯೂ ನೆಲ ಮುಟ್ಟದೆ ತೇಲಿಕೊಂಡಿದ್ದು, ಅದೇ ಬೋರ್ಡಿನ ಹಳೇ ಫ್ಯಾನೋ ಹ್ಯಾಲೊಜನ್ನೋ ಸೋರಿದರೆ ಆ ಕರೆಂಟು ಅರ್ತ್ ಪಿನ್ ಮೂಲಕ ಕೀಬೋರ್ಡಿನ ಜ್ಯಾಕಿಗೆ ಬರ್ತದೆ. ಎರಡು ಪಿನ್ನಿನದ್ದಕ್ಕೆ ಆ ದಾರಿಯೇ ಇಲ್ಲ. ಮೇಲಿಂದ ಕೀಬೋರ್ಡೂ ಅರ್ತ್, ಮಿಕ್ಸರೂ ಅರ್ತ್, ನಡುವೆ ಆಡಿಯೋ ಕೇಬಲಿನ ಜಾಲರಿ, ಅಲ್ಲಿಗೆ ಹಮ್ ತರುವ ಗ್ರೌಂಡ್ ಲೂಪ್ ತಯಾರು.


ಪೆಂಡಾಲ್ ಸೌಂಡ್:

ಲೂಪಿಗೆ ಡಿಐ ಬಾಕ್ಸ್ ಉಂಟಲ್ಲ, ಕೀಬೋರ್ಡಿಗೂ ಮಿಕ್ಸರಿಗೂ ನಡುವೆ ಹಾಕುವ ಡಬ್ಬಿ. ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಡಿಐ, ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿದರೆ ಮುಗೀತು. ಹಮ್ ನಿಲ್ಲಿಸ್ಲಿಕ್ಕೆ ಮಿಕ್ಸರ್ ಪ್ಲಗ್ಗಿನ ಅರ್ತ್ ಪಿನ್ ಮುರಿಯುವ ಜನ ಇದ್ದಾರೆ, ಅದನ್ನು ಮಾತ್ರ ಮಾಡಬೇಡಿ. ಮೈಕ್ ಹಿಡಿದವರಿಗೆ ಶಾಕ್ ಹೊಡೆಯುವುದು ಅಲ್ಲಿಂದ.

ತೇಲುವ ಅರ್ತಿನ ಮಾತು ಒಪ್ಪಿದೆ. ಆದರೂ ನನ್ನ ವೋಟು ಸಿ14ಕ್ಕೇ, ಕಾರ್ಡ್ ಗಟ್ಟಿ ಕೂರ್ತದೆ ಅನ್ನುವ ಕಾರಣಕ್ಕೆ. ಅರ್ತ್ ಟ್ಯಾಗನ್ನು ಖಾಲಿ ಬಿಡುವುದಾದರೆ ಸ್ಲೀವ್ ಹಾಕಿ ಮುಚ್ಚಿ, ‘ಅರ್ತ್ ಕೊಟ್ಟಿಲ್ಲ, ಒಳಗೆ ಡಬಲ್ ಇನ್ಸುಲೇಶನ್’ ಅಂತ ಒಳಗೆ ಹೊರಗೆ ಎರಡೂ ಕಡೆ ಬರೆದು ಅಂಟಿಸಿ. ಇಲ್ಲದಿದ್ದರೆ ಮುಂದೆ ಬಿಚ್ಚುವವರು ಮೂರು ಪಿನ್ ನೋಡಿ ಅರ್ತ್ ಇದೆ ಅಂತಲೇ ಎಣಿಸ್ತಾರೆ.


ಕಾಪು ಭಜನೆ:

ಇಬ್ಬರಿಗೂ ಧನ್ಯವಾದ. ಬೀಪ್ ಬರ್ತದೆ ಭಟ್ರೇ, ಪ್ಲಸ್ ಒಂದೇ ಲೈನು. ಕರೆಂಟು ಫುಲ್ ವಾಲ್ಯೂಮಿನಲ್ಲಿ 0.6 ಆಂಪಿಯರಿನ ಹತ್ತಿರ. ಒಂದು ಸಂಶಯ: ಸೆಲ್ ಆರು ಸೇರಿದರೆ 9 ವೋಲ್ಟ್ ಮಾತ್ರ, ಅದೇ ವಯರಿಗೆ 12 ಕೊಟ್ಟರೆ ಏನೂ ಆಗುವುದಿಲ್ವಾ? ಮತ್ತೆ, ಎಸ್‌ಎಂಪಿಎಸ್ಸಿನ ಕಿರಿಕಿರಿ ಶಬ್ದ ಆಡಿಯೋಗೆ ಬಾರದ ಹಾಗೆ ಫಿಲ್ಟರ್ ಏನು ಹಾಕಬೇಕು?


ಬೆಸುಗೆ ಭಟ್ರು:

ಬೀಪ್ ಬಂದ ಮೇಲೆ ಪ್ರಶ್ನೆ ಮುಗೀತು. ಅಡಾಪ್ಟರಿನ 12 ಬರುವುದೂ ಅದೇ ಬಿಂದುವಿಗೆ, ಸೆಲ್ಲಿನ 9 ಬರುವುದೂ ಅಲ್ಲಿಗೇ. ಒಳಗಿನ ರೆಗ್ಯುಲೇಟರ್ ಎರಡನ್ನೂ ನುಂಗುವ ಹಾಗೆ ಮಾಡಿದ್ದು. ಬೀಪ್ ಬಾರದಿದ್ದರೆ ನಡುವೆ ಡಯೋಡ್ ಇರಬಹುದು ಅಥವಾ ಸೆಲ್ಲಿಗೆ ಬೇರೆಯೇ ದಾರಿ ಇರಬಹುದು. ಆಗ ಸೆಲ್ಲಿನ ವಯರಿಗೆ ಕೊಡದೆ ಜ್ಯಾಕಿನ ಕಾಲಿಗೇ ಕೊಡಬೇಕು, ಪ್ಲಸ್ಸಿನಲ್ಲಿ 1ಎನ್5822 ಶಾಟ್ಕಿ ಡಯೋಡ್ ಹಾಕಿ. ಅದರಲ್ಲಿ 0.4 ವೋಲ್ಟ್ ಹೋಗ್ತದೆ, ನಷ್ಟ ಇಲ್ಲ. ಡಯೋಡ್ ಇಲ್ಲದೆ ಜ್ಯಾಕಿಗೆ ಕೊಟ್ಟು ಸೆಲ್ಲನ್ನೂ ಗೂಡಲ್ಲಿ ಉಳಿಸಿಕೊಂಡವರ ಸೆಲ್ ಉಬ್ಬಿ, ಸೋರಿ, ಬೋರ್ಡನ್ನೂ ತಿಂದು ಹಾಕಿದ್ದುಂಟು. ಡ್ರೈ ಸೆಲ್ಲಿಗೆ ಹಿಮ್ಮುಖ ಕರೆಂಟು ಹೋಗಲೇಬಾರದು.

ಫಿಲ್ಟರ್: ಮಾಡ್ಯೂಲಿನ ಪ್ಲಸ್ಸಿನಲ್ಲಿ 10 ಮೈಕ್ರೋಹೆನ್ರಿ, 3 ಆಂಪಿಯರಿನ ಚೋಕ್, ಅದರ ನಂತರ ಪ್ಲಸ್ ಮೈನಸ್ ನಡುವೆ 1000 ಮೈಕ್ರೋಫ್ಯಾರಡ್ 25 ವೋಲ್ಟ್ ಲೋ ಇಎಸ್‌ಆರ್ ಕೆಪಾಸಿಟರ್, ಪಕ್ಕದಲ್ಲಿ ಒಂದು 0.1 ಮೈಕ್ರೋಫ್ಯಾರಡ್ ಸೆರಾಮಿಕ್. ಈ ಜೋಡಿ ಸುಮಾರು 1600 ಹರ್ಟ್ಸಿನಿಂದ ಮೇಲಿನದ್ದನ್ನು ಇಳಿಸ್ತಾ ಹೋಗ್ತದೆ. ಮಾಡ್ಯೂಲಿನ ರಿಪಲ್ ಇರುವುದು ಹತ್ತಾರು ಕಿಲೋಹರ್ಟ್ಸಿನಲ್ಲಿ, ಅಷ್ಟು ಮೇಲಿನದ್ದು ಇದರಲ್ಲಿ ಸತ್ತೇ ಹೋಗ್ತದೆ. 16 ವೋಲ್ಟಿನ ಕೆಪಾಸಿಟರ್ ಸಾಕಲ್ವಾ ಅಂತ ಅಂಗಡಿಯವರು ಹೇಳಿಯಾರು. ಬಿಸಿ ಗೂಡಿನಲ್ಲಿ 25ರದ್ದೇ ಬಾಳಿಕೆ.

12ರ ಎರಡು ವಯರನ್ನು ಹೆಣೆದು ತಗೊಂಡು ಹೋಗಿ, ಫೆರೈಟ್ ರಿಂಗಿನಲ್ಲಿ ಮೂರು ಸುತ್ತು ಹಾಕಿ. ಕೀಗಳ ಕೆಳಗೆ ಹೋಗುವ ಚಪ್ಪಟೆ ರಿಬ್ಬನ್ ಕೇಬಲಿನ ಪಕ್ಕ, ಆಂಪ್ ಐಸಿಯಿಂದ ಸ್ಪೀಕರಿಗೆ ಹೋಗುವ ವಯರಿನ ಪಕ್ಕ ಮೈನ್ಸ್ ವಯರ್ ಹಾದು ಹೋಗಬಾರದು. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ, ಜೊತೆಗೆ ಓಡಿಸಬೇಡಿ. ಹಾಗಾಗಿ ಇನ್‌ಲೆಟ್ ಗೂಡಿಗೆ ಹತ್ತಿರದ ಹಿಂಭಾಗದಲ್ಲೇ ಇರಲಿ, ಚಂದಕ್ಕೆ ಅಂತ ಜ್ಯಾಕುಗಳ ಸಾಲಿನಲ್ಲಿ ಬೇಡ.


ಮಲ್ಪೆ ಗಾಳಿ:

ಸರ್ಕೀಟಿನ ಬಗ್ಗೆ ಹೇಳ್ಲಿಕ್ಕೆ ನನ್ನಲ್ಲಿ ಏನೂ ಉಳಿದಿಲ್ಲ. ಉಪ್ಪಿನ ಬಗ್ಗೆ ಉಂಟು.

ಕಡಲಿಗೆ ಹತ್ತಿರದ ಮನೆಗಳಲ್ಲಿ ಬರುವ ರಿಪೇರಿಗೆ ಮುಖ್ಯ ಕಾರಣ ಉಪ್ಪು ಕೂತ ಫ್ಲಕ್ಸ್. ಸೋಲ್ಡರ್ ಮಾಡಿದ ಮೇಲೆ ಉಳಿಯುವ ಅಂಟು ಥಂಡಿ ಹೀರ್ತದೆ, ಆಟಿ ತಿಂಗಳ ಮಳೆಯಲ್ಲಿ ಅದೇ ಒಂದು ವಾಹಕ ಆಗ್ತದೆ. 12 ವೋಲ್ಟಿನಲ್ಲಿ ಅದು ಬರೇ ಕಿರಿಕಿರಿ, 230ರಲ್ಲಿ ಬೋರ್ಡಿನ ಮೇಲೆ ಕಪ್ಪು ಗೆರೆ ಸುಟ್ಟುಕೊಂಡು ಹೋಗ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿ, ಬೋರ್ಡು ಬೆಚ್ಚಗೆ ಇರುವಾಗಲೇ ಅಕ್ರಿಲಿಕ್ ಪಿಸಿಬಿ ಲ್ಯಾಕರ್ ಎರಡು ಕೋಟು ಹೊಡೆಯಿರಿ. ಫ್ಯೂಸ್ ಹೋಲ್ಡರ್, ಸ್ವಿಚ್, ಜ್ಯಾಕ್ ಇವುಗಳಿಗೆ ತಾಗಬಾರದು, ಕೀಗಳ ಕೆಳಗಿನ ಕಪ್ಪು ಕಾರ್ಬನ್ನಿಗೆ ಅಂತೂ ಬೀಳಲೇಬಾರದು. ಬಿದ್ದರೆ ಆ ಕೀ ಮತ್ತೆ ನುಡಿಯುವುದಿಲ್ಲ.

ಫ್ಯೂಸ್ ಹೋಲ್ಡರಿನ ಸ್ಪ್ರಿಂಗ್ ತುಕ್ಕು ಹಿಡಿದರೆ ಅಲ್ಲಿ ಕಿಡಿ, ಕಿಡಿಯಿಂದ ಬಿಸಿ, ಬಿಸಿಯಿಂದ ಪ್ಲಾಸ್ಟಿಕ್ ಕರಗುವುದು. ನಿಕಲ್ ಲೇಪದ್ದು ತಗೊಳ್ಳಿ, ಮಳೆಗಾಲ ಮುಗಿದ ಮೇಲೊಮ್ಮೆ ತೆಗೆದು ನೋಡಿ. ಗಾಳಿಯಾಡಲಿ ಅಂತ ಗೂಡಿಗೆ ತೂತು ಕೊರೆಯಬೇಡಿ. ನಿಮ್ಮ ಲೋಡಿಗೆ ಮಾಡ್ಯೂಲಿನಲ್ಲಿ ಬಿಸಿ ಆಗುವುದು ಒಂದೂವರೆ ವಾಟಿನೊಳಗೆ, ಅದಕ್ಕೆ ತೂತು ಬೇಡ. ತೂತಿನಲ್ಲಿ ಹೋಗುವುದು ಗಾಳಿಗಿಂತ ಇರುವೆ ಜಾಸ್ತಿ. ಬೆಚ್ಚಗಿನ ಜಾಗ ಅಂತ ಹಲ್ಲಿ ಸಹ ಬರ್ತದೆ, ಎರಡು ಲೈನಿನ ನಡುವೆ ಸತ್ತು ಕೂತಿರ್ತದೆ. ಇನ್‌ಲೆಟ್ ಅಂಚಿನ ಸಂದಿಗೆ ಸಿಲಿಕೋನ್ ಸವರಿ ಮುಚ್ಚಿ. ವಿನೆಗರಿನ ವಾಸನೆ ಬರುವ ಮಾಮೂಲಿ ಸಿಲಿಕೋನ್ ತಾಮ್ರಕ್ಕೆ ಆಗುವುದಿಲ್ಲ, ನ್ಯೂಟ್ರಲ್ ಕ್ಯೂರ್ ಅಂತ ಬರೆದದ್ದು ನೋಡಿ ತನ್ನಿ.


ಕಾಪು ಭಜನೆ:

ಎಲ್ಲ ಜೋಡಿಸಿ ಆಯ್ತು, ಇನ್ನೂ ಕರೆಂಟ್ ಕೊಟ್ಟಿಲ್ಲ. ಸಿ14 ಹಾಕಿದೆ, ಅರ್ತ್ ಟ್ಯಾಗ್ ಖಾಲಿ ಬಿಟ್ಟು ಸ್ಲೀವ್ ಹಾಕಿ ಬರಹ ಅಂಟಿಸಿದ್ದೇನೆ. ಮೊದಲ ಸಲ ಸ್ವಿಚ್ ಹಾಕುವ ಮೊದಲು ಏನೇನು ನೋಡಬೇಕು?


ಬೆಸುಗೆ ಭಟ್ರು:

ಕೀಬೋರ್ಡಿಗೆ ಹೋಗುವ 12 ವೋಲ್ಟಿನ ವಯರ್ ಬಿಚ್ಚಿಡಿ. ಪ್ಲಗ್ ಎಲ್ಲಿಯೂ ಚುಚ್ಚದೆ, ಪ್ಲಗ್ಗಿನ ಎರಡು ಪಿನ್ನುಗಳನ್ನು ಒಟ್ಟು ಸೇರಿಸಿ ಅಲ್ಲಿಂದ 12ರ ಮೈನಸಿಗೆ ಮೀಟರಿನ 20 ಮೆಗಾ ಓಮ್ ರೇಂಜಿನಲ್ಲಿ ಅಳೆಯಿರಿ, ರಾಕರ್ ಆನ್ ಇರಲಿ. ಮೀಟರ್ ಓಪನ್ ಅನ್ನಬೇಕು, ಒಂದೇ ಒಂದು ಅಂಕಿ ಬಂದರೂ ಮುಂದೆ ಹೋಗಬೇಡಿ. 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಯಾರಾದರೂ ವಯರಿಂಗಿನವರ ಹತ್ತಿರ ಸಿಕ್ಕಿದರೆ ಅದರಲ್ಲೇ ನೋಡಿ, ಅದು ಹೇಳುವುದು ನಿಜ. ಮೀಟರಿನ ಬ್ಯಾಟರಿ ಹೇಳುವುದು ಅರ್ಧ ನಿಜ.

ಆಮೇಲೆ ಮೈನ್ಸ್ ಲೈನಿನಲ್ಲಿ ಸೀರೀಸ್ ಬಲ್ಬ್. 60 ವಾಟಿನ ಹಳೇ ತಂತಿ ಬಲ್ಬ್, ಎಲ್‌ಇಡಿ ಆಗುವುದಿಲ್ಲ. ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಮಿಂಚಿ ಆರಿದರೆ ಸರಿ. ಹೊತ್ತಿಯೇ ಇದ್ದರೆ ಎಲ್ಲೋ ಶಾರ್ಟ್. ಸರಿ ಇದ್ದರೆ ಬಲ್ಬ್ ತೆಗೆದು ನೇರ ಕೊಡಿ, ಔಟ್‌ಪುಟ್ 11.7 ಮತ್ತು 12.3ರ ನಡುವೆ ಇರಬೇಕು. 12 ಓಮ್, 20 ವಾಟ್ ವಯರ್‌ವೌಂಡ್ ರೆಸಿಸ್ಟರನ್ನು ಹೊರಗೆ ಟೈಲ್ಸಿನ ಮೇಲಿಟ್ಟು ಲೋಡ್ ಕೊಡಿ, ಒಂದು ಆಂಪಿಯರ್ ಎಳೀತದೆ, ಮುಟ್ಟಿದರೆ ಚರ್ಮ ಸುಡುವಷ್ಟು ಕಾಯ್ತದೆ. ಗೂಡಿನ ಮುಚ್ಚಳ ಹಾಕಿ ಒಂದು ಗಂಟೆ ಬಿಡಿ. ಪ್ಲಗ್ ಕಿತ್ತು ಮುಚ್ಚಳ ತೆಗೆದು ಮಾಡ್ಯೂಲಿನ ಮೈ ಮುಟ್ಟಿ ನೋಡಿ. ಕೈ ಇಟ್ಟುಕೊಳ್ಳುವಷ್ಟು ಬೆಚ್ಚಗೆ ಇದ್ದರೆ ನಿಶ್ಚಿಂತೆ. ಕೊನೆಗೆ ಸೆಲ್ಲಿನ ವಯರಿಗೆ ಕೊಡುವಾಗ ಪ್ಲಸ್ ಮೈನಸ್ ಕೆಂಪು ಕಪ್ಪು ನೋಡಿ ನಂಬಬೇಡಿ, ಮೀಟರಿನಲ್ಲಿ ನೋಡಿಯೇ ಕೊಡಿ.


ಕಾಪು ಭಜನೆ:

11.98 ಬಂತು, ಲೋಡಿನಲ್ಲಿ 11.93. ಕೀಬೋರ್ಡ್ ಚಾಲೂ ಆಗಿದೆ, ಅದರ ಸ್ವಂತ ಸ್ಪೀಕರಿನಲ್ಲಿ ಹಮ್ ಇಲ್ಲ. ಆದರೆ ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪಿಗೆ ಸೇರಿಸಿ, ಲೈನ್ ಔಟ್ ಮಿಕ್ಸರಿಗೆ ಕೊಟ್ಟಾಗ ಮಾತ್ರ ಕಿರ್ ಅಂತ ಸಣ್ಣ ಶಬ್ದ. ಲ್ಯಾಪ್‌ಟಾಪಿನ ಮೌಸ್ ಅಲ್ಲಾಡಿಸಿದರೆ ಶಬ್ದ ಬದಲಾಗ್ತದೆ.

ಇನ್ನೊಂದು: ಮಕ್ಕಳ ಭಜನೆಗೆ ಒಂದು ಹಳೇ ಕ್ಯಾಸಿಯೋ ಉಂಟು, 9 ವೋಲ್ಟಿನದ್ದು, ಎಡಿ-5 ಅಡಾಪ್ಟರ್ ಹಾಕುವಂಥದ್ದು. ಅದಕ್ಕೂ ಇದೇ ಮಾಡ್ಯೂಲ್ ಆಗ್ತದಾ?


ಪೆಂಡಾಲ್ ಸೌಂಡ್:

ಮೌಸಿಗೆ ಬದಲಾಗ್ತದೆ ಅಂದರೆ ಅದು ನಿಮ್ಮ ಪವರ್ ಸಪ್ಲೈ ಅಲ್ಲ. ಲ್ಯಾಪ್‌ಟಾಪಿನ ಚಾರ್ಜರಿಂದ ಯುಎಸ್‌ಬಿಯ ಗ್ರೌಂಡ್ ಮೂಲಕ ಕೀಬೋರ್ಡ್, ಅಲ್ಲಿಂದ ಮಿಕ್ಸರ್, ಹೀಗೆ ಸುತ್ತು ಬರುವ ಶಬ್ದ ಅದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ, ನಿಂತರೆ ಖಾತ್ರಿ. ಲೈನ್ ಔಟಿಗೆ ಎರಡು ಚಾನೆಲಿನ ಪ್ಯಾಸಿವ್ ಡಿಐ ಹಾಕಿ, ಗ್ರೌಂಡ್ ಲಿಫ್ಟ್ ಒತ್ತಿ.


ಬೆಸುಗೆ ಭಟ್ರು:

ಕ್ಯಾಸಿಯೋಗೆ 12 ಕೊಡಬೇಡಿ. ಎಡಿ-5 ಅಂದರೆ 9 ವೋಲ್ಟ್, 850 ಮಿಲಿಆಂಪಿಯರ್, ಅದೂ ನಡುವಿನ ಪಿನ್ ಮೈನಸ್, ನಿಮ್ಮ ಯಮಹಾಕ್ಕೆ ಪೂರಾ ಉಲ್ಟಾ. ಎರಡು ಕೀಬೋರ್ಡಿನ ಅಡಾಪ್ಟರ್ ಅದಲು ಬದಲು ಆಗದ ಹಾಗೆ ವಯರಿಗೆ ಈಗಲೇ ಬಣ್ಣದ ಟೇಪ್ ಸುತ್ತಿಡಿ. ಮೈನಸ್ ನಡುವೆ ಇರುವ ಕೀಬೋರ್ಡಿನಲ್ಲಿ ಜ್ಯಾಕಿನ ಸ್ವಿಚ್ ಕಡಿಯುವುದು ಸೆಲ್ಲಿನ ಪ್ಲಸ್ಸನ್ನು. ಸೆಲ್ಲಿನ ವಯರಿಗೇ ಕೊಟ್ಟರೆ ನಿಮಗೆ ಆ ಗೋಜಲು ಇಲ್ಲ, ಪ್ಲಸ್ ಪ್ಲಸ್ಸಿಗೆ, ಮೈನಸ್ ಮೈನಸ್ಸಿಗೆ.

ಮಕ್ಕಳ ಕೈಯಲ್ಲಿರುವುದಕ್ಕೆ ನಾನು 230 ಒಳಗೆ ತರುವುದೇ ಇಲ್ಲ. 9 ವೋಲ್ಟಿಗೆ ಟೈಪ್-ಸಿ ಚಂದ. ಪಿಡಿ (ಪವರ್ ಡೆಲಿವರಿ) ಟ್ರಿಗ್ಗರ್ ಬೋರ್ಡ್ ಅಂತ ಬೆರಳಿನ ಉಗುರಿನಷ್ಟು ದೊಡ್ಡದು ಸಿಗ್ತದೆ, ಅದು ಚಾರ್ಜರಿನ ಹತ್ತಿರ 9 ವೋಲ್ಟ್ ಕೇಳಿ ತಗೊಳ್ತದೆ. ಪಿಡಿಯ ಮಾಮೂಲು ಮೆಟ್ಟಿಲು 5, 9, 15, 20. 12 ಇರಲೇಬೇಕೆಂದಿಲ್ಲ, ಅದಕ್ಕೇ ನಿಮ್ಮ ಯಮಹಾಕ್ಕೆ ಇದನ್ನು ಹೇಳ್ಲಿಲ್ಲ. ಬಟನ್ ಒತ್ತಿ ವೋಲ್ಟ್ ಬದಲಿಸುವ ಬೋರ್ಡ್ ಬೇಡ, ತಪ್ಪಿ 20ಕ್ಕೆ ಹೋದರೆ ಕೀಬೋರ್ಡ್ ಹೋಯ್ತು. ಸೋಲ್ಡರ್ ಮಾಡಿ 9ಕ್ಕೇ ಕೂರಿಸಿದ್ದು ತಗೊಂಡು, ಕೀಬೋರ್ಡಿಗೆ ಕೊಡುವ ಮೊದಲು ಮೀಟರಿನಲ್ಲಿ ನೋಡಿ. ಪ್ಲಸ್ಸಿನಲ್ಲಿ 2 ಆಂಪಿಯರಿನ ಫ್ಯೂಸ್ ಒಂದು ಇರಲಿ. ಬೋರ್ಡನ್ನು ಹೈಲಂ ತುಂಡಿಗೆ ಎಪಾಕ್ಸಿಯಲ್ಲಿ ಅಂಟಿಸಿ ಆ ತುಂಡನ್ನು ಪೆಟ್ಟಿಗೆಗೆ ಸ್ಕ್ರೂ ಮಾಡಿ, ಬರೇ ಗಮ್ಮಿನಲ್ಲಿ ನಿಲ್ಲಿಸಿದರೆ ಮಕ್ಕಳು ಕೇಬಲ್ ಎಳೆದಾಗ ಸಾಕೆಟ್ಟೇ ಕಿತ್ತು ಬರ್ತದೆ.

ಪಿಡಿ ಇಲ್ಲದ ಚಾರ್ಜರ್ ಚುಚ್ಚಿದರೆ 5 ವೋಲ್ಟೇ ಬರ್ತದೆ. ಲೈಟು ಹತ್ತೀತು, ವಾಲ್ಯೂಮ್ ಏರಿಸಿದ ಕೂಡಲೇ ಕೀಬೋರ್ಡ್ ಆಫ್ ಆಗಿ ಮತ್ತೆ ಆನ್ ಆಗ್ತಾ ಇದ್ದರೆ ಬೋರ್ಡ್ ಬಿಚ್ಚುವ ಮೊದಲು ಚಾರ್ಜರ್ ಬದಲಿಸಿ ನೋಡಿ.